ನಿಕ್ಕಲ್ ಹಾರಿಹೋದ ಕಥೆ

ಕೇಳುಗರಿಗೆ ನಮಸ್ಕಾರ.

ಅನ್ನ ಬೆಂದಿದೆಯಾ ಅಂತ ನೋಡೋಕೆ ಯಾರೂ ಪಾತ್ರೆಯನ್ನೆಲ್ಲ ಕಿವುಚುವುದಿಲ್ಲ. ಒಂದು ಅಗುಳು ತೆಗೆದು ಹಿಸುಕಿದರೆ ಗೊತ್ತಾಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಪಿಯುಸಿ ಮಕ್ಕಳು ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಕ್ಯಾಟಲಿಸ್ಟ್ ಅಂದರೇನು ಅಂತ ಕೇಳಿದರೆ "ಕ್ರಿಯೆಯಲ್ಲಿ ಭಾಗವಹಿಸದೆ ವೇಗ ಹೆಚ್ಚಿಸುವ ವಸ್ತು" ಅಂತ ಒಂದೇ ಉಸಿರಿಗೆ ಒಪ್ಪಿಸುತ್ತೀರಿ. ದಯವಿಟ್ಟು ಅದನ್ನು ಮರೆತುಬಿಡಿ. ಭಾಗವಹಿಸದೆ ಹೇಗಪ್ಪಾ ಆಗುತ್ತದೆ? ಕಾರಿನ ಹೊಗೆ ಕೊಳವೆಯೊಳಗಿನ ಪ್ಲಾಟಿನಂ, ಕಾರ್ಬನ್ ಮೊನಾಕ್ಸೈಡನ್ನು ಹಿಡಿದು ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ. ಹೇಗೆ ಹಿಡಿಯುತ್ತದೆ ಅನ್ನೋದೇ ಪ್ರಶ್ನೆ. ಲೋಹದ ಮೇಲ್ಮೈ ಅಂದರೆ ಲೆಕ್ಕವಿಲ್ಲದಷ್ಟು ಪರಮಾಣುಗಳ ಬಯಲು. ಅಲ್ಲಿ ಒಂದೇ ಒಂದು ಬಂಧವನ್ನು ಹುಡುಕಿ ಅಳೆಯೋದು ಕಷ್ಟ. ಅಗುಳು ಬೇಕು, ಅಂದರೆ ಅದೇ ಬಂಧವಿರುವ ಒಂದು ಪುಟ್ಟ ಅಣು.

ಅದು ಸಿಕ್ಕಿದ ಕಥೆ ನನಗೆ ಬಹಳ ಇಷ್ಟ. ಲುಡ್ವಿಗ್ ಮಾಂಡ್ ಅಂತ ಒಬ್ಬರು, ಹುಟ್ಟಿದ್ದು ಜರ್ಮನಿ, ಸೋಡಾ ಕಾರ್ಖಾನೆ ಕಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರ ನಿಕ್ಕಲ್ ವಾಲ್ವುಗಳು ಪ್ರಯೋಗಾಲಯದಲ್ಲಿ ಗಟ್ಟಿಯಾಗಿದ್ದವು, ಕಾರ್ಖಾನೆಯಲ್ಲಿ ಸೋರತೊಡಗಿದವು. ಮೇಲೆಲ್ಲ ಕಪ್ಪು ಮಸಿ. ಕಾರ್ಖಾನೆಯ ಅನಿಲದಲ್ಲಿ ಸ್ವಲ್ಪ ಕಾರ್ಬನ್ ಮೊನಾಕ್ಸೈಡ್ ಸೇರಿತ್ತು, ವ್ಯತ್ಯಾಸ ಅಷ್ಟೇ. ಸರಿ, ಗಾಜಿನ ಕೊಳವೆಯಲ್ಲಿ ನಿಕ್ಕಲ್ ಪುಡಿ ಕಾಯಿಸಿ, ಅದರ ಮೇಲೆ ಕಾರ್ಬನ್ ಮೊನಾಕ್ಸೈಡ್ ಹಾಯಿಸಿ ನೋಡಿದರು. ಕೆಲಸ ಮುಗಿದ ಮೇಲೆ ಕೊಳವೆ ಆರಬೇಕಲ್ಲ? ಆಗ ಹೊರಬರುವ ವಿಷದ ಗಾಳಿ ಕೋಣೆಗೆ ಸೇರದಿರಲಿ ಅಂತ ಅದಕ್ಕೆ ಬೆಂಕಿ ಹಚ್ಚಿದರು. ಕಾರ್ಬನ್ ಮೊನಾಕ್ಸೈಡ್ ನೀಲಿಯಾಗಿ ಉರಿಯುತ್ತದೆ. ಆದರೆ ಕೊಳವೆ 100 ಡಿಗ್ರಿಗಿಂತ ಕೆಳಗೆ ಆರುತ್ತಾ ಬಂದ ಹಾಗೆ ಜ್ವಾಲೆ ಪ್ರಕಾಶಮಾನವಾಯಿತು! ತಣ್ಣನೆಯ ಪಿಂಗಾಣಿ ಚೂರು ಹಿಡಿದರೆ ಅದರ ಮೇಲೆ ಫಳಫಳ ಕನ್ನಡಿ. ನಿಕ್ಕಲ್! ಲೋಹ ಗಾಳಿಯಲ್ಲಿ ಹಾರಿ ಬಂದಿತ್ತು.

ಅದು 1890. ಕರಗೋಕೇ 1,455 ಡಿಗ್ರಿ ಬೇಕಾದ ಲೋಹ, ನಾಲ್ಕು ಕಾರ್ಬನ್ ಮೊನಾಕ್ಸೈಡ್ ಜೊತೆ ಸೇರಿ 43 ಡಿಗ್ರಿಗೆ ಕುದಿಯುವ ದ್ರವವಾಯಿತು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಸಾಕು. ಮಾಡಿ ನೋಡಬೇಡಿ, ಭಯಂಕರ ವಿಷ.

ಲೋಹಕ್ಕೆ ಕಾರ್ಬನ್ ನೇರವಾಗಿ ಕಟ್ಟಿಕೊಂಡ ಇಂಥ ಅಣುಗಳ ವಿದ್ಯೆಗೆ ಆರ್ಗನೋಮೆಟಾಲಿಕ್ ಕೆಮಿಸ್ಟ್ರಿ ಅಂತ ಹೆಸರು. ಹೆಸರು ಬಿಡಿ, ಅಗುಳು ನೆನಪಿರಲಿ. ಕಾರ್ಬನ್ ಮೊನಾಕ್ಸೈಡ್ ತನ್ನ ಕಾರ್ಬನ್ ತುದಿಯಿಂದ ಎರಡು ಎಲೆಕ್ಟ್ರಾನು ಕೊಡುತ್ತದೆ. ಲೋಹ ಸುಮ್ನೆ ಇಟ್ಟುಕೊಳ್ಳುವುದಿಲ್ಲ, ಮದುವೆ ಮನೆಯ ಮುಯ್ಯಿ ತೀರಿಸಿದ ಹಾಗೆ ತನ್ನ ಎಲೆಕ್ಟ್ರಾನು ತಿರುಗಿಸಿ ಕೊಡುತ್ತದೆ. ಆ ಮುಯ್ಯಿ ಹೋಗಿ ಸೇರುವ ಜಾಗದಿಂದಾಗಿ ಕಾರ್ಬನ್ನಿಗೂ ಆಕ್ಸಿಜನ್ನಿಗೂ ನಡುವಿನ ಬಂಧ ಸಡಿಲವಾಗುತ್ತದೆ. ತಂತಿ ಸಡಿಲಿಸಿದರೆ ಶ್ರುತಿ ಇಳಿಯುತ್ತದೆ, ಅಲ್ವಾ? ಒಂಟಿ ಕಾರ್ಬನ್ ಮೊನಾಕ್ಸೈಡಿನ ಕಂಪನ ಇನ್‌ಫ್ರಾರೆಡ್ ಅಳತೆಯಲ್ಲಿ ಸೆಂಟಿಮೀಟರಿಗೆ 2143 ಅಲೆ. ನಿಕ್ಕಲಿಗೆ ಕಟ್ಟಿಕೊಂಡಾಗ ಸುಮಾರು 2060. 1950ರ ದಶಕದಲ್ಲಿ ಲೋಹದ ಪುಡಿಗಳ ಮೇಲೆ ಕೂತ ಕಾರ್ಬನ್ ಮೊನಾಕ್ಸೈಡನ್ನು ಅಳೆದರು. ಅಲ್ಲೂ ಶ್ರುತಿ ಇಳಿದಿತ್ತು! ಅದೇ ಕೊಡುಕೊಳ್ಳುವ ಲೆಕ್ಕವನ್ನು 1964ರಲ್ಲಿ ಬ್ಲೈಹೋಲ್ಡರ್ ಅನ್ನುವ ರಸಾಯನ ವಿಜ್ಞಾನಿ ಲೋಹದ ಮೇಲ್ಮೈಗೆ ಅನ್ವಯಿಸಿದರು.

ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. ಕೋಣೆಯ ಬಿಸಿಯಲ್ಲಿ ಪ್ಲಾಟಿನಂ ಮೇಲೆ ಎಥಿಲೀನ್ ಬಿಟ್ಟರೆ ಅದು ಯಾವ ರೂಪದಲ್ಲಿ ಕೂರುತ್ತದೆ ಅಂತ ಜಾಸ್ತಿ ಜಗಳವಿತ್ತು. ಮೂರು ಕೋಬಾಲ್ಟ್ ಪರಮಾಣುಗಳ ಒಂದು ಸಂಯುಕ್ತ ಅದನ್ನು ಬಗೆಹರಿಸಿತು. ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ಕೂತ ಹಾಗೆ, ಮೂರು ಕೋಬಾಲ್ಟ್ ಮೇಲೆ ಒಂದು ಕಾರ್ಬನ್, ಅದರ ನೆತ್ತಿಗೆ ಒಂದು ಮೀಥೈಲ್ ಗುಂಪು. ಅದರ ಕಂಪನಗಳನ್ನೂ ಪ್ಲಾಟಿನಂ ಮೇಲಿನದನ್ನೂ ಪಕ್ಕಪಕ್ಕ ಇಟ್ಟರು. ಹೊಂದಿಕೊಂಡವು. ಅಂದರೆ ಪ್ಲಾಟಿನಂ ಮೇಲೂ ಅದು ಇದೇ ರೂಪದಲ್ಲಿ ಕೂತಿತ್ತು. ಆ ಕೋಬಾಲ್ಟ್ ಸಂಯುಕ್ತದ ಹರಳು ನೇರಳೆ ಬಣ್ಣ. ಸೀಸೆಯಲ್ಲಿ ಹಾಕಿ ಮೇಜಿನ ಮೇಲೆ ಇಡಬಹುದು. ನಮಸ್ಕಾರ.