ಶಾಲು ಆಮೇಲೆ ಹೊದಿಸಿ, ಮೊದಲು ದುಡ್ಡು ಕೊಡಿ

ನಮಸ್ಕಾರ. ಹೋದ ವಾರ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಬಗ್ಗೆ ಮಾತಾಡಿದ್ದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಅಜ್ಜಿ. ಏಳು ದಶಕಕ್ಕೂ ಜಾಸ್ತಿ ಕಾಲ ತೊಗಲುಗೊಂಬೆ ಆಡಿಸಿದವರು. ಹೊರದೇಶಗಳಲ್ಲೂ ಆಡಿಸಿ ಬಂದವರು. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ!

ಆ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: ‘ಪ್ರಶಸ್ತಿ ಬಂತಲ್ಲ, ಇನ್ನೇನು ಬೇಕು? ಕಲೆ ಅಂದ್ರೆ ಸೇವೆ. ದುಡ್ಡಿನ ಮಾತು ಯಾಕೆ?’

ಸೇವೆಯಂತೆ. ಸ್ವಾಮಿ, ಒಂದು ಗೊಂಬೆ ಹೇಗಾಗುತ್ತದೆ ಗೊತ್ತಾ? ತೊಗಲಿನ ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಬೇಕು. ಆಕಾರ ಬರೆದು, ಬಣ್ಣ ಹಾಕಬೇಕು. ಒಡವೆ, ಸೀರೆಯಂಚು ಇರುವ ಕಡೆಯೆಲ್ಲ ಉಳಿಯಿಂದ ಸಣ್ಣ ಸಣ್ಣ ತೂತು ಕೊರೆಯಬೇಕು. ಆ ತೂತಿನಲ್ಲಿ ಬೆಳಕು ತೂರಿ ಬಂದಾಗಲೇ ಪರದೆ ಮೇಲೆ ಸೀತೆಯ ಒಡವೆ ಮಿನುಗುವುದು. ಆಮೇಲೆ ರಾತ್ರಿಯಿಡೀ ಹಾಡು, ಮಾತು, ರಾವಣನ ಅಬ್ಬರ, ನಡುವೆ ನಗಿಸುವ ಜೋಡಿಗೊಂಬೆ ಕಿಳ್ಳೇಕ್ಯಾತ–ಬಂಗಾರಕ್ಕನ ನಗೆ. ಬೆಳಗಾಗುವಷ್ಟರಲ್ಲಿ ಗಂಟಲು ಬಿದ್ದುಹೋಗಿರುತ್ತದೆ. ಇದು ದುಡಿಮೆ. ದುಡಿದವರಿಗೆ ದುಡ್ಡು ಕೊಡಬೇಕು.

ನಾನೇ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದೂರಿನ ಉತ್ಸವ. ಆಟ ಮುಗಿಯಿತು. ಮೇಳದ ಹಿರಿಯರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಅವರು ಮೆಲ್ಲಗೆ ಬಸ್ ಚಾರ್ಜ್ ಕೇಳಿದರು. ‘ಬಿಲ್ ಆಗಬೇಕು ಯಜಮಾನ್ರೇ, ಅಕೌಂಟಿಗೆ ಬರುತ್ತೆ’ ಅಂದರು ಉತ್ಸವ ನಡೆಸುವವರು. ಅದೇ ಹೊತ್ತಿಗೆ, ಅದೇ ವೇದಿಕೆಯ ಪಕ್ಕದಲ್ಲಿ, ಶಾಮಿಯಾನದವರಿಗೂ ಮೈಕ್‌ನವರಿಗೂ ನೋಟು ಎಣಿಸಿ ಕೊಡುತ್ತಿದ್ದರು. ಹಿರಿಯರು ಶಾಲು ಮಡಚಿ ಗೊಂಬೆ ಪೆಟ್ಟಿಗೆ ಮೇಲಿಟ್ಟು, ಬಸ್‌ಸ್ಟ್ಯಾಂಡ್ ಕಡೆ ನಡೆದರು. ಶಾಮಿಯಾನದವರಿಗೆ ‘ಸೇವೆ ಮಾಡಿ’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

‘ಸರ್ಕಾರ ಮಾಸಾಶನ ಕೊಡುತ್ತಲ್ಲ’ ಅನ್ನುತ್ತೀರಿ. ಅದು ವಯಸ್ಸಾದವರಿಗೆ ಆಸರೆ, ಒಳ್ಳೆಯದೇ. ನಾನು ಕೇಳುತ್ತಿರುವುದು ಇವತ್ತು ರಾತ್ರಿ ಆಡಿಸಿದ ಆಟದ ಕೂಲಿ! ‘ಈಗ ಗೊಂಬೆಯಾಟ ಯಾರು ನೋಡ್ತಾರೆ?’ ಕರೆಸಿದರೆ ತಾನೇ ನೋಡುವುದು? ಆರ್ಕೆಸ್ಟ್ರಾಕ್ಕೆ ಮುಂಗಡ ಕೊಟ್ಟು ಕರೆಸುತ್ತೀರಿ, ಇವರಿಗೆ ಮಾತ್ರ ಚಪ್ಪಾಳೆ ಸಾಕಾ?

ಮುಂದಿನ ವಾರ ಗೊಂಬೆ ಕೊರೆಯುವುದನ್ನು ಮೊದಲಿನಿಂದ ಕೊನೆವರೆಗೂ ತೋರಿಸುತ್ತೇನೆ. ಚಾನೆಲ್ ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ, ಮನೆಯ ಮಕ್ಕಳನ್ನೂ ಕೂರಿಸಿಕೊಂಡು ನೋಡಿ.

ಆಮೇಲೆ, ಜಾತ್ರೆ ಕಮಿಟಿಯವರು ಯಾರಾದರೂ ನೋಡುತ್ತಿದ್ದರೆ, ನಿಮಗೇ ಹೇಳುತ್ತಿದ್ದೇನೆ. ಸುಮ್ನೆ ಶಾಲಿನ ಅಂಗಡಿಗೆ ಓಡಬೇಡಿ. ಮೇಳದವರ ಮನೆಗೆ ಹೋಗಿ, ವೀಳ್ಯ ಕೊಟ್ಟು ಕರೆಯಿರಿ. ಎಷ್ಟು ಅಂತ ಮೊದಲೇ ಮಾತಾಡಿ. ಬೆಳಗಿನ ಜಾವ ಅವರು ಪೆಟ್ಟಿಗೆ ಕಟ್ಟುವ ಮೊದಲು ಎಣಿಸಿ ಕೈಗೆ ಕೊಡಿ. ಅಕೌಂಟಿಗಲ್ಲ, ಆಮೇಲಲ್ಲ. ಕೈಗೆ!