ಬೆನ್ನು ಕಾಣುವ ಚಿತ್ರಗಳು

ಎಲ್ಲರಿಗೂ ನಮಸ್ಕಾರ. ಈ ಸಂಜೆ ನನ್ನ ಮಾತಿಗಿಂತ ಪರದೆಯನ್ನೇ ಹೆಚ್ಚು ನೋಡಿ. ಮಾಸ್ಟರ್ ತೀರಿಕೊಂಡ ಮೇಲೆ ಅವರ ಮನೆಯವರು ನನಗೆ ಒಂದು ರಟ್ಟಿನ ಡಬ್ಬಿ ಕೊಟ್ಟರು. ಅದರ ತುಂಬ ಚರ್ಚಿನ ಕ್ವಾಯರಿನ, ಅಂದರೆ ಹಾಡುವ ತಂಡದ, ಫೋಟೋಗಳು.

ಎಲ್ಲವನ್ನೂ ಮೇಜಿನ ಮೇಲೆ ಹರಡಿದಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಮೂವತ್ತು ವರ್ಷ ನಮ್ಮನ್ನು ಹಾಡಿಸಿದ ಮನುಷ್ಯನ ಮುಖವೇ ಇವುಗಳಲ್ಲಿ ಇಲ್ಲ! ಹಾಡುವವರು ಸಭೆಯ ಕಡೆ ನೋಡುತ್ತಾರೆ, ಹಾಡಿಸುವವರು ಹಾಡುವವರ ಕಡೆ. ಕ್ಯಾಮೆರಾ ಇರುವುದು ಸಭೆಯಲ್ಲಿ. ಹೀಗಾಗಿ ನಮಗೆ ದಕ್ಕಿರುವುದು ಒಂದು ಬೆನ್ನು, ಕೋಟಿನ ನಡುವಿನ ಹೊಲಿಗೆ, ಮೇಲೆತ್ತಿದ ಎಡಗೈ.

ಈ ಚಿತ್ರ ನೋಡಿ. ಮುಂದಿನ ಸಾಲಿನ ಸೊಪ್ರಾನೊಗಳ, ಅಂದರೆ ಅತಿ ಎತ್ತರದ ದನಿಯವರ, ಬಾಯಿ ಗುಂಡಗೆ ತೆರೆದಿದೆ, 'ಓ' ಸ್ವರ. ಅವರಿಗಿಂತ ಕೆಳದನಿಯ ಆಲ್ಟೊಗಳದೂ ಅದೇ. ಹಿಂದಿನ, ಗಂಡಸರ ಎತ್ತರದ ದನಿಯ ಟೆನರ್‌ಗಳ ತುಟಿ ಮಾತ್ರ ಮುಚ್ಚಿದೆ, ಎದೆ ಉಬ್ಬಿದೆ. ಉಸಿರು ತುಂಬಿಕೊಂಡಿದ್ದಾರೆ, ಇನ್ನೂ ದನಿ ತೆಗೆದಿಲ್ಲ. ಮಾಸ್ಟರ್ ಕೈ ಚಾಚಿರುವುದು ಅವರತ್ತಲೇ. ಎಲ್ಲಕ್ಕಿಂತ ಕೆಳದನಿಯ ಬಾಸ್‌ನವರಲ್ಲಿ ಒಬ್ಬರು ಕೈಗಡಿಯಾರ ನೋಡುತ್ತಿದ್ದಾರೆ. ಅವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಎಣಿಸಿದರೆ ಹನ್ನೊಂದು ಜನ. 1730ರಲ್ಲಿ ಜರ್ಮನ್ ಸಂಗೀತ ರಚನಕಾರ ಬಾಖ್ ಲೈಪ್‌ಜಿಗ್ ನಗರಾಡಳಿತಕ್ಕೆ ಬರೆದ ಮನವಿಯಲ್ಲಿ, ಒಂದು ಕ್ವಾಯರಿಗೆ ಕನಿಷ್ಠ 12 ಗಾಯಕರು ಬೇಕು, 16 ಇದ್ದರೆ ಇನ್ನೂ ಒಳ್ಳೆಯದು ಎಂದಿದ್ದಾರೆ. ಯಾರಾದರೂ ಹಾಸಿಗೆ ಹಿಡಿದರೂ ಹಾಡು ನಿಲ್ಲಬಾರದು ಎಂಬ ಲೆಕ್ಕ ಅವರದು. ನಮ್ಮಲ್ಲಿ ಒಬ್ಬರು ಕೆಮ್ಮಿದರೆ ಸಾಕು, ಮಾಸ್ಟರ್ ತಾವೇ ಆ ಭಾಗವನ್ನು ಹಾಡುತ್ತ ಕೈ ಆಡಿಸುತ್ತಿದ್ದರು.

ಬಣ್ಣದ ಫೋಟೋಗಳೆಲ್ಲ ಕೆಂಪಾಗಿವೆ. ಆ ಕಾಲದ ಪ್ರಿಂಟುಗಳಲ್ಲಿ ನೀಲಿಛಾಯೆಯ ವರ್ಣದ್ರವ್ಯ ಕತ್ತಲಲ್ಲಿಟ್ಟರೂ ಬೇಗ ಮಾಸುತ್ತದೆ. ಅದಕ್ಕಿಂತ ಹಳೆಯ ಕಪ್ಪು ಬಿಳುಪಿನವೇ ಗಟ್ಟಿಯಾಗಿ ಉಳಿದಿವೆ.

ನನಗೆ ಹೆಚ್ಚು ಸಿಕ್ಕಿದ್ದು ಫೋಟೋಗಳ ಬೆನ್ನಿನಲ್ಲಿ. ಮಾಸ್ಟರ್ ಅಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ, ಹೆಸರುಗಳನ್ನಲ್ಲ, ದನಿಗಳನ್ನು. 'ಎಡದಿಂದ ಮೂರನೆಯವಳು, ಮೇಲಿನ ಸ್ವರ ಸ್ವಚ್ಛ.' 'ಅವಸರ.' 'ಕಿವಿ ಒಳ್ಳೆಯದು, ಧೈರ್ಯ ಸಾಲದು.' ಒಂದರಲ್ಲಿ ನಾನಿದ್ದೇನೆ, ಮುಂದಿನ ಸಾಲಿನ ತುದಿಯಲ್ಲಿ. ಹಿಂದೆ ಬರೆದಿರುವುದು ಇಷ್ಟೇ: 'ದನಿ ಒಡೆಯುತ್ತಿದೆ.'

ಹರೆಯದಲ್ಲಿ ಹುಡುಗರ ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ಸ್ವರ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಚರ್ಚಿನ ಸಂಗೀತದಲ್ಲಿ ಅದು ಕೆಲಸ ಹೋಗುವ ಸುದ್ದಿ. ವಿಯೆನ್ನಾದ ಸಂತ ಸ್ಟೀಫನ್ ಚರ್ಚಿನ ಕ್ವಾಯರಿನಿಂದ, ಮುಂದೆ ದೊಡ್ಡ ಸಂಗೀತ ರಚನಕಾರನಾದ ಹೈಡನ್ ಹೊರಬಿದ್ದದ್ದು ಹೀಗೆಯೇ. ಅದೇ ಊರಿನ ಅರಮನೆಯ ಚರ್ಚಿನಲ್ಲಿ ಹಾಡುತ್ತಿದ್ದ ಹದಿನೈದರ ಶೂಬರ್ಟ್, ಅವನೂ ಮುಂದೆ ಸಂಗೀತ ರಚನಕಾರನಾದವನು, ತನ್ನ ಸ್ವರಲಿಪಿಯ ಹಾಳೆಯ ಮೇಲೆ, 1812ರ ಜುಲೈ 26ರಂದು ತಾನು ಕೊನೆಯ ಸಲ ಕೂಗಿದ್ದಾಗಿ ಬರೆದಿಟ್ಟ. ಜರ್ಮನ್‌ನಲ್ಲಿ ಅವನು ಬಳಸಿದ್ದು ಹುಂಜದ ಕೂಗಿಗೆ ಹೇಳುವ ಮಾತು. ನಗುತ್ತ ಬರೆದನೋ ಅಳುತ್ತಲೋ, ಆ ವಯಸ್ಸಿನಲ್ಲಿ ಎರಡೂ ಒಂದೇ.

ನನ್ನನ್ನು ಮಾಸ್ಟರ್ ಮನೆಗೆ ಕಳಿಸಲಿಲ್ಲ. ಚರ್ಚಿನ ವಾದ್ಯವಾದ ಆರ್ಗನ್ ಪಕ್ಕ ನಿಲ್ಲಿಸಿ ಪುಟ ತಿರುವುವ ಕೆಲಸ ಕೊಟ್ಟರು. ಮರುವರ್ಷದ ಈ ಚಿತ್ರದಲ್ಲಿ ಚೌಕಟ್ಟಿಗೆ ಸಿಕ್ಕು ಅರ್ಧ ಕತ್ತರಿಸಿಹೋದ ಹುಡುಗ ನಾನೇ. ಇಲ್ಲಿಯೂ ಅವರ ಬೆನ್ನೇ ಕಾಣುತ್ತದೆ. ಆದರೆ ಆರ್ಗನ್ ಮೇಲಿನ ಪುಟ್ಟ ಕನ್ನಡಿಯನ್ನು ನೋಡಿ. ಬಲಿಪೀಠದತ್ತ ಬೆನ್ನು ಹಾಕಿ ನುಡಿಸುವವರು ಹಿಂದೆ ಏನು ನಡೆಯುತ್ತಿದೆ ಎಂದು ತಿಳಿಯಲು ಇಟ್ಟುಕೊಳ್ಳುವ ಕನ್ನಡಿ ಅದು. ಅದರಲ್ಲಿ ಕನ್ನಡಕ, ನೆರೆತ ಹುಬ್ಬು, ಏನನ್ನೋ ಎಣಿಸುತ್ತಿರುವ ತುಟಿಗಳು. ಇಡೀ ಡಬ್ಬಿಯಲ್ಲಿ ಅವರ ಮುಖ ಇರುವುದು ಇದೊಂದರಲ್ಲೇ. ಪುಟದ ಅಂಚು ಹಿಡಿದ ಹುಡುಗ ಅವರ ತಲೆ ಅಲುಗುವುದನ್ನೇ ಕಾಯುತ್ತಿದ್ದಾನೆ.