ಇಂಗಿನ ವಾಸನೆ, ಜಿಂಕೆಯ ಮೂಗು

ಕಟ್ಟೆ ಮೇಲೆ ಕಾಣ್ತಿರೋದು ನಾಲ್ಕೇ ಸಾಮಾನು. ಹೈಡ್ರೋಜನ್ ಪೆರಾಕ್ಸೈಡ್, ಡಿಸ್ಟಿಲ್ಡ್ ವಾಟರ್, ಅಡುಗೆ ಸೋಡಾ, ಪರಿಮಳ ಇಲ್ಲದ ಶಾಂಪೂ. ಇವತ್ತು ಬೇಟೆ ಬಟ್ಟೆಯ ವಾಸನೆ ತೆಗೆಯೋ ಸ್ಪ್ರೇ ಮಾಡ್ತಿದ್ದೇನೆ.

ಅಮೆರಿಕದ ನಮ್ಮ ಮಿಶಿಗನ್‌ನಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲುಬೇಟೆ ಶುರು. ಊರಲ್ಲಿ, ಅಂದರೆ ಭಾರತದಲ್ಲಿ, 1972ರ ವನ್ಯಜೀವಿ ಕಾಯ್ದೆ ಇದೆ, ಜಿಂಕೆ ಮುಟ್ಟುವ ಹಾಗಿಲ್ಲ, ಅದು ಸರಿಯೇ. ಇಲ್ಲಿ ಲೈಸೆನ್ಸ್ ತಗೊಂಡು ಹೋಗಬಹುದು. ಹೋದ ವರ್ಷ ಮರದ ಮೇಲೆ ಕೂತಿದ್ದೆ. ಒಂದು ಹೆಣ್ಣು ಜಿಂಕೆ ಮೂವತ್ತು ಗಜ ದೂರಕ್ಕೆ ಬಂತು, ತಲೆ ಎತ್ತಿತು, ಮುಂಗಾಲನ್ನು ನೆಲಕ್ಕೆ ಒಂದೆರಡು ಸಲ ಕುಟ್ಟಿ, ಬುಸ್ ಅಂತ ಉಸಿರು ಬಿಟ್ಟು, ಬಿಳಿ ಬಾಲ ಎತ್ತಿಕೊಂಡು ಓಡಿಯೇ ಹೋಯಿತು. ನಾನು ಅಲುಗಾಡಿರಲಿಲ್ಲ. ಮನೆಗೆ ಬಂದು ಜಾಕೆಟ್ ಮೂಸಿದರೆ ಇಂಗು-ಸಾಸಿವೆ ಒಗ್ಗರಣೆ! ಅದನ್ನು ತೂಗುಹಾಕಿದ್ದು ಅಡುಗೆಮನೆ ಬಾಗಿಲ ಹಿಂದೆ.

ಸರಿ, ಅಳತೆ. 3 ಪರ್ಸೆಂಟ್ ಪೆರಾಕ್ಸೈಡ್ 2 ಕಪ್, ನೀರು 2 ಕಪ್, ಸೋಡಾ ಕಾಲು ಕಪ್, ಶಾಂಪೂ ಎರಡು ಚಮಚ. ಸೋಡಾ ಬೀಳ್ತಿದ್ದ ಹಾಗೆ ಸಣ್ಣ ಸಣ್ಣ ಗುಳ್ಳೆ ಏಳ್ತವೆ, ನೋಡಿ. ಅದು ಆಮ್ಲಜನಕ. ಬೆವರಿನ ಹುಳಿ ವಾಸನೆಯನ್ನು ಸೋಡಾ ತಗ್ಗಿಸುತ್ತೆ, ಉಳಿದ ಎಷ್ಟೋ ವಾಸನೆಗಳನ್ನು ಪೆರಾಕ್ಸೈಡ್ ಒಡೆದು ಬೇರೆ ವಸ್ತು ಮಾಡುತ್ತೆ, ಅಂದರೆ ಇಲ್ಲಿ ವಾಸನೆಯನ್ನು ಮುಚ್ಚಿಡುವ ಕೆಲಸ ಅಲ್ಲ, ಅಳಿಸುವ ಕೆಲಸ. ಸ್ಕಂಕ್ ಅನ್ನೋ ಪ್ರಾಣಿ ನಾಯಿಗೆ ಸಿಡಿಸೋ ಆ ಭಯಂಕರ ನಾತ ತೆಗೆಯೋಕೆ ಪಾಲ್ ಕ್ರೆಬಾಮ್ ಅನ್ನೋ ಅಮೆರಿಕದ ರಸಾಯನ ವಿಜ್ಞಾನಿ 1993ರಲ್ಲಿ ಕೊಟ್ಟ ಮದ್ದೂ ಇವೇ ಪೆರಾಕ್ಸೈಡ್, ಸೋಡಾ, ಸೋಪಿನದು. ಆ ಸ್ಕಂಕ್ ಮದ್ದನ್ನು ಮಾತ್ರ ಆಗಲೇ ಬಳಸಿ ಉಳಿದದ್ದನ್ನು ಚೆಲ್ಲಬೇಕು.

ಈಗ ದಯವಿಟ್ಟು ಗಮನ ಕೊಡಿ. ಮುಚ್ಚಳ ಬಿಗಿ ಮಾಡಲೇಬೇಡಿ! ಹೋದ ಸಲ ನಾನು ಬಿಗಿದಿಟ್ಟೆ, ಬೆಳಗ್ಗೆ ನೋಡಿದರೆ ಬಾಟಲಿ ಹೊಟ್ಟೆ ಉಬ್ಬಿಸಿಕೊಂಡು ತಳದಲ್ಲಿ ಬಿರಿದು, ಗ್ಯಾರೇಜ್ ನೆಲವೆಲ್ಲ ಒದ್ದೆ. ಮಕ್ಕಳು ಹತ್ತಿರ ಇದ್ದಿದ್ದರೆ ಅಂತ ಈಗಲೂ ಎದೆ ಝಲ್ ಅನ್ನುತ್ತೆ. ಎರಡು ಮೂರು ದಿನ ಬಾಯಿಗೆ ಬರೀ ಬಟ್ಟೆ ಕಟ್ಟಿ ಕತ್ತಲಲ್ಲಿ ಇಡಿ, ಬೆಳಕಿಗೆ ಪೆರಾಕ್ಸೈಡ್ ಬೇಗ ಹಾಳಾಗುತ್ತೆ. ಗುಳ್ಳೆ ಪೂರ್ತಿ ನಿಂತ ಮೇಲೆ ಸ್ಪ್ರೇ ಬಾಟಲಿಗೆ ತುಂಬಿ, ಆಗಲೂ ಮುಚ್ಚಳ ಸಡಿಲವೇ ಇರಲಿ. ಬಟ್ಟೆಯ ಒಳಮೂಲೆಗೆ ಸ್ವಲ್ಪ ಹೊಡೆದು ಬಣ್ಣ ಹೋಗುತ್ತಾ ನೋಡಿ, ಆಮೇಲೆ ಪೂರ್ತಿ.

ಬೂಟಿನ ಅಟ್ಟೆ, ಟೋಪಿಯ ಒಳಪಟ್ಟಿ, ಬ್ಯಾಗಿನ ಭುಜದ ಪಟ್ಟಿ. ಇವಕ್ಕೆ ಜಾಸ್ತಿ ಹೊಡೀತೇನೆ, ಬೆವರು ಕೂರೋದೇ ಅಲ್ಲಿ. ಮಾಮೂಲಿ ಡಿಟರ್ಜೆಂಟ್ ಮಾತ್ರ ಬೇಡ. ಅದರಲ್ಲಿ ಬಟ್ಟೆ ಹೊಳೆಯುವಂತೆ ಮಾಡೋ ಬ್ರೈಟ್ನರ್ ಇರುತ್ತೆ, ಜಿಂಕೆ ಕಣ್ಣಿಗೆ ಆ ನೀಲಿ ಹೊಳಪು ನಮಗಿಂತ ಚೆನ್ನಾಗಿ ಕಾಣುತ್ತೆ.

ಇಷ್ಟೆಲ್ಲ ಮಾಡಿದರೂ ನಮ್ಮ ಉಸಿರಿನ ವಾಸನೆ ಇದ್ದೇ ಇರುತ್ತಲ್ವಾ, ಹಾಗಾಗಿ ನಾಳೆ ಗಾಳಿ ನೋಡಿಯೇ ಮರ ಆರಿಸ್ತೇನೆ. ಪಶ್ಚಿಮದಿಂದ ಬೀಸಿದರೆ ತೊರೆಯ ಪೂರ್ವದ ಮೇಪಲ್ ಮರ, ಆಗ ನನ್ನ ವಾಸನೆ ತೊರೆಯ ಕಡೆ ಹೋಗಲ್ಲ. ಬಟ್ಟೆ ಹಿತ್ತಲ ತಂತಿ ಮೇಲೆ ಒಣಗಿದೆ, ಒಣ ಎಲೆ ಹಾಕಿದ ಡಬ್ಬಿಗೆ ತುಂಬಿಡ್ತಿದ್ದೇನೆ. ಹಾಕಿಕೊಳ್ಳೋದು ಕಾಡಿನ ಅಂಚಿನಲ್ಲಿ, ಕಾರಿನಿಂದ ಇಳಿದ ಮೇಲೆಯೇ.